ಗಾಜಿನ ತೋಟ, ಕೊನೆಯ ಸ್ಟಾಪು

ಜನವರಿ ೯

ಇವಳೇ,

ನಿನ್ನ ಅಪ್ಪಣೆಯಂತೆ ಬರೆಯಲು ಕೂತಿದ್ದೇನೆ. ಫೋನಿನಲ್ಲಿ ನಾನು "ಹೂಂ" ಮತ್ತು "ಇಡ್ತೀನಿ" ಬಿಟ್ಟರೆ ಬೇರೆ ಮಾತೇ ಆಡುವುದಿಲ್ಲ ಎಂದು ರೈಲು ಹತ್ತುವಾಗಲೂ ದೂರಿದೆಯಲ್ಲ. ಏನು ಮಾಡಲಿ, ಜೀವಮಾನವೆಲ್ಲ ಬಸ್ಸಿನ ಇಂಜಿನ್ನು ಪಕ್ಕದಲ್ಲೇ ಗುಡುಗಿದ ಕಿವಿ ಇದು. ಫೋನಿನ ಮಾತು ಸೊಳ್ಳೆಯ ಹಾಡಿನಂತೆ ಕೇಳುತ್ತದೆ. ಪತ್ರವಾದರೆ ಸರಿ, ಅದಕ್ಕೆ ಕಿವಿ ಬೇಡ.

ಮನೆ ಇದ್ದ ಹಾಗೇ ಇದೆ. ನೀನು ಡಬ್ಬಿಗಳ ಮೇಲೆ ಅಂಟಿಸಿದ ಚೀಟಿಗಳನ್ನು ಓದಿಕೊಂಡು ಅಡುಗೆ ಮಾಡುತ್ತಿದ್ದೇನೆ. "ಸಕ್ಕರೆ ಅಲ್ಲ" ಎಂದು ಬರೆದ ಡಬ್ಬಿಯಲ್ಲಿ ಏನಿದೆ ಎಂದು ಮಾತ್ರ ನೀನು ಬರೆದಿಲ್ಲ.

ಕಿಟಕಿಯ ಹತ್ತಿರ ಕೂರಬೇಡಿ, ಹೊರಗೆ ಹೋಗಿ ಎಂದಿದ್ದೆಯಲ್ಲ, ನಿನ್ನೆ ಹೋದೆ. ಎಲ್ಲಿಗೆ ಹೋಗುವುದು ಎಂದು ತೋಚದೆ ನಾನು ಓಡಿಸುತ್ತಿದ್ದ ಹಳೆಯ ರೂಟಿನ ಬಸ್ಸು ಹತ್ತಿ ಕೊನೆಯ ಸ್ಟಾಪಿನಲ್ಲಿ ಇಳಿದೆ. ಡ್ರೈವರ್ ಹೊಸಬ, ಬ್ರೇಕು ಹಾಕುವುದು ನೋಡಿದರೆ ಪ್ರಯಾಣಿಕರನ್ನು ಆಲೂಗಡ್ಡೆ ಮೂಟೆ ಅಂದುಕೊಂಡಿದ್ದಾನೆ. ಇಳಿದ ಮೇಲೆ ಗಾಳಿ ಮೂಳೆ ಕೊರೆಯುತ್ತಿತ್ತು. ವಾಪಸ್ ಬಸ್ಸು ಬರಲು ತಡವಿತ್ತು. ಎದುರಿಗೇ ಪಾರ್ಕಿನ ಗಾಜಿನ ತೋಟ. ಅಷ್ಟು ವರ್ಷ "ಗಾಜಿನ ತೋಟ, ಕೊನೆ ಸ್ಟಾಪು, ಎಲ್ಲ ಇಳೀರಿ" ಎಂದು ಕೂಗಿದವನು ನಾನು. ಒಂದು ದಿನವೂ ಇಳಿದು ಒಳಗೆ ಹೋಗಿರಲಿಲ್ಲ.

ಬೆಚ್ಚಗಿರಬಹುದು ಎಂದು ಹೋದೆ, ಅಷ್ಟೇ. ಎರಡು ಬಾಗಿಲು. ಮೊದಲನೆಯದು ಮುಚ್ಚಿದ ಮೇಲೆಯೇ ಎರಡನೆಯದನ್ನು ತೆಗೆಯಬೇಕು, ಇಲ್ಲದಿದ್ದರೆ ಹಕ್ಕಿಗಳು ಹಾರಿಹೋಗುತ್ತವಂತೆ. ಒಳಗೆ ಕಾಲಿಟ್ಟದ್ದೇ ಕನ್ನಡಕ ಮಂಜಾಗಿ ಏನೂ ಕಾಣಲಿಲ್ಲ. ಬಿಸಿನೀರು ಕಾಯಿಸಿದ ಬಚ್ಚಲಿಗೆ ನುಗ್ಗಿದ ಹಾಗಾಯಿತು. ಒರೆಸಿಕೊಂಡು ನೋಡಿದರೆ ಬಾಳೆ, ಹೆಸರು ತಿಳಿಯದ ಬಳ್ಳಿಗಳು, ಮೂರಾಳು ಎತ್ತರದ ಎಲೆಗಳು, ಒಂದು ಕೊಳ. ಕಾಲ ಬುಡದಲ್ಲೇ ಮುಷ್ಟಿಗಾತ್ರದ ಹಕ್ಕಿಗಳು ಆಫೀಸಿಗೆ ತಡವಾದವರಂತೆ ಓಡುತ್ತಿದ್ದವು.

ಆಮೇಲೆ ಒಂದು ಮಂಗಟ್ಟೆ ಹಕ್ಕಿ. ಕೊಕ್ಕೇ ಅರ್ಧ ದೇಹ, ಅದರ ಮೇಲೊಂದು ಹಳದಿ ಟೋಪಿ. ಅದು ಒಂದು ಒಣಮರದ ಬೊಡ್ಡೆಯ ಮುಂದೆ ಕೂತು ಸಣ್ಣ ಸೀಳಿನೊಳಕ್ಕೆ ಹಣ್ಣು ತುರುಕುತ್ತಿತ್ತು. ಸೀಳಿನೊಳಗಿಂದ ಇನ್ನೊಂದು ಕೊಕ್ಕಿನ ತುದಿ ಬಂದು ಹಣ್ಣು ತೆಗೆದುಕೊಂಡು ಮಾಯ. ಹಕ್ಕಿಗಳನ್ನು ನೋಡಿಕೊಳ್ಳುವ ಹುಡುಗಿ ಹೇಳಿದಳು: ಒಳಗಿರುವುದು ಹೆಣ್ಣು. ಮೊಟ್ಟೆಯಿಡುವ ಕಾಲಕ್ಕೆ ಪೊಟರೆಯೊಳಗೆ ಹೋಗಿ ಕೂತು, ಬಾಗಿಲನ್ನು ಮಣ್ಣಿನಿಂದ ತಾನೇ ಮೆತ್ತಿಕೊಳ್ಳುತ್ತದಂತೆ. ಮರಿ ದೊಡ್ಡದಾಗುವ ತನಕ ಹೊರಗೆ ಬರುವುದಿಲ್ಲ. ಅಲ್ಲಿಯ ತನಕ ಗಂಡು ತಂದುಕೊಟ್ಟದ್ದೇ ಊಟ. ಗಂಡಿಗೆ ಆ ಹುಡುಗಿ ಇಟ್ಟ ಹೆಸರು ಸಾಹೇಬರು, ಹೆಣ್ಣಿಗೆ ಅಮ್ಮಾವ್ರು.

ಇದೆಂಥ ಸಂಸಾರ ಎಂದುಕೊಂಡು ಬಸ್ಸು ಹಿಡಿದು ಬಂದೆ. ಮಗಳ ಆರೋಗ್ಯದ ಬಗ್ಗೆ ಬರೆ, ಹೆರಿಗೆಯ ದಿನ ಹತ್ತಿರವಾಯಿತಲ್ಲ.

ಮನೆ ಕಾಯುತ್ತಿರುವ,
ನಿನ್ನವನು


ಜನವರಿ ೨೨

ರೀ,

ಮೊಮ್ಮಗಳು ಹುಟ್ಟಿದ ಸುದ್ದಿಯನ್ನು ಫೋನಿನಲ್ಲಿ ಹೇಳಿದಾಗ ನೀವು ಎಂದಿನಂತೆ "ಹೂಂ" ಅಂದಿರಿ. ಆಮೇಲೆ ಬಹಳ ಹೊತ್ತು ಮೂಗೆಳೆದುಕೊಳ್ಳುವ ಸದ್ದು ಕೇಳಿತು. ಅಷ್ಟು ಸಾಕಾಯಿತು ನನಗೆ.

ಮಗು ಮೂಗಿನಲ್ಲಿ ನಿಮ್ಮ ಹಾಗೆ, ಹಟದಲ್ಲಿ ತನ್ನ ತಾಯಿಯ ಹಾಗೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಅಜ್ಜಿಗೆ ಅದಕ್ಕಿಂತ ಒಂದು ಕೈ ಹೆಚ್ಚು. ಅಳಿಯ ಬೇಕರಿಗೆ ಹೊರಡುವುದು ಬೆಳಕು ಹರಿಯುವ ಮೊದಲೇ. ಬರುವಾಗ ಮೈಯೆಲ್ಲ ಹಿಟ್ಟು, ಕೈಯಲ್ಲಿ ಉಳಿದ ಬ್ರೆಡ್ಡು. ಬಂದವನೇ ಮಗುವನ್ನು ಎತ್ತಿಕೊಂಡು ನಿಂತಲ್ಲೇ ನಿದ್ದೆ ಮಾಡುತ್ತಾನೆ. ಒಳ್ಳೆಯ ಹುಡುಗ. ಮನೆ ಮಾತ್ರ ಬೆಂಕಿಪೊಟ್ಟಣ. ನಾನೂ ಮಗಳೂ ಮಗುವೂ ಒಳಕೋಣೆ, ಅವನು ಅಡುಗೆಮನೆಯ ಬೆಂಚು. ನಿಮ್ಮ ಮಂಗಟ್ಟೆಯ ಪೊಟರೆಗೂ ನಮ್ಮ ಕೋಣೆಗೂ ಏನೂ ವ್ಯತ್ಯಾಸವಿಲ್ಲ, ಮಣ್ಣು ಮೆತ್ತುವುದೊಂದು ಬಾಕಿ.

ಮಗುವನ್ನು ನೋಡಲು ಬನ್ನಿ. ಎರಡು ದಿನದ ಮಟ್ಟಿಗೆ ಹೇಗಾದರೂ ಹೊಂದಿಸಿಕೊಳ್ಳೋಣ. ಬರುವಾಗ ನನ್ನ ದಪ್ಪ ಸ್ವೆಟರ್ ತನ್ನಿ, ಹಸಿರಿನದು. ನೀಲಿಯದನ್ನು ತಂದು ಹಸಿರು ಎಂದು ವಾದಿಸಬೇಡಿ.

ಇನ್ನೊಂದು ವಿಷಯ. ಇದೇ ಮಹಡಿಯಲ್ಲಿ ಪಕ್ಕದ ಮನೆ ಖಾಲಿಯಾಗುತ್ತಿದೆ. ಎರಡು ಕೋಣೆ, ಅಡುಗೆಮನೆಗೆ ಬೆಳಗಿನ ಬಿಸಿಲು. ಸುಮ್ಮನೆ ಹೇಳಿದೆ.

ಆ "ಸಕ್ಕರೆ ಅಲ್ಲ" ಡಬ್ಬಿಯಲ್ಲಿರುವುದು ಬಟ್ಟೆ ಒಗೆಯುವ ಸೋಡಾ. ತಿಂದಿಲ್ಲ ತಾನೆ?

ಇಂತಿ,
ನಿಮ್ಮವಳು


ಫೆಬ್ರವರಿ ೧೪

ಇವಳೇ,

ಅಲ್ಲಿಂದ ಬಂದು ಒಂದು ವಾರದ ಮೇಲಾಯಿತು. ಮೊಮ್ಮಗಳು ನನ್ನ ಬೆರಳು ಹಿಡಿದುಕೊಂಡದ್ದು ಇನ್ನೂ ಕೈಯಲ್ಲೇ ಇದೆ. ಸ್ಟೇರಿಂಗ್ ಹಿಡಿದ ಕೈ ಇದು, ಇಷ್ಟು ಹಗುರದ್ದನ್ನು ಯಾವತ್ತೂ ಹಿಡಿದಿರಲಿಲ್ಲ. ನಮ್ಮ ಮಗಳನ್ನು ಹಿಡಿದಿರಲಿಲ್ಲವೇ ಎಂದು ನೀನು ಕೇಳುತ್ತೀಯ. ಹಿಡಿದಿದ್ದೆ, ಆದರೆ ಆಗ ಡ್ಯೂಟಿಯ ಅವಸರವಿತ್ತು.

ನೀನು ಪಕ್ಕದ ಮನೆಯನ್ನು ತೋರಿಸಿದೆ. ಚೆನ್ನಾಗಿದೆ ಎಂದೆ. ಚೆನ್ನಾಗಿಯೇ ಇದೆ.

ಇಲ್ಲಿ ಗಾಜಿನ ತೋಟಕ್ಕೆ ದಿನಾ ಹೋಗುತ್ತಿದ್ದೇನೆ. ವರ್ಷದ ಪಾಸು ಮಾಡಿಸಿದೆ. ಕೊಳದ ಪಕ್ಕ ಒಂದು ಬೆಂಚಿದೆ, ಅಲ್ಲಿ ಕೂತರೆ ಪೊಟರೆ ನೇರ ಕಾಣುತ್ತದೆ. ನಾನಿಲ್ಲದ ದಿನಗಳಲ್ಲಿ ಹಕ್ಕಿಮನೆಯ ಹುಡುಗಿ "ಡ್ರೈವರ್ ಸಾರ್ ಎಲ್ಲಿ" ಎಂದು ತೋಟದವರನ್ನೆಲ್ಲ ಕೇಳಿದಳಂತೆ. ಈಗ ನನಗೊಂದು ಕೆಲಸವನ್ನೂ ಹಚ್ಚಿದ್ದಾಳೆ. ರಜಾದಿನ ಜನ ಹೆಚ್ಚು. ಎರಡು ಬಾಗಿಲ ನಡುವೆ ಗುಂಪಾಗಿ ನಿಂತುಬಿಡುತ್ತಾರೆ, ಒಳಗಿನ ಬಾಗಿಲು ತೆಗೆದೇ ಇರುತ್ತದೆ. ಹೋದ ಭಾನುವಾರ ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ, "ಒಳಗೆ ಜಾಗ ಇದೆ, ಮುಂದೆ ಹೋಗಿ, ಬಾಗಿಲು ಬಿಡಿ" ಎಂದೆ. ಎಲ್ಲರೂ ತೆಪ್ಪಗೆ ಮುಂದೆ ಹೋದರು. ಅವಳು ನೀರಿನ ಪೈಪು ಹಿಡಿದುಕೊಂಡೇ ನಕ್ಕಳು. ಬಾಗಿಲಿನ ಉಸ್ತುವಾರಿ ಈಗ ನನ್ನದು.

ಸಾಹೇಬರ ದಿನಚರಿ ನನಗೆ ಬಾಯಿಪಾಠವಾಗಿದೆ. ಬೆಳಿಗ್ಗೆ ಬಂದು ಕೊಕ್ಕಿನಿಂದ ಮರಕ್ಕೆ ಟಕ್ ಟಕ್ ಎಂದು ತಟ್ಟುತ್ತಾರೆ. ಒಳಗಿಂದ ಕೊಕ್ಕು ಹೊರಬರುತ್ತದೆ. ಗಂಟಲಿನಿಂದ ಒಂದೊಂದೇ ಅತ್ತಿಹಣ್ಣು ತೆಗೆದು ಕೊಡುತ್ತಾರೆ, ಸರ್ಕಸ್ಸಿನವನು ಬಾಯಿಂದ ಚೆಂಡು ತೆಗೆದ ಹಾಗೆ. ಕೊನೆಯ ಹಣ್ಣು ಕೊಟ್ಟ ಮೇಲೂ ತುಸು ಹೊತ್ತು ಅಲ್ಲೇ ಕೂತಿರುತ್ತಾರೆ. ಅಲ್ಲಿ ಮಾಡುವುದಕ್ಕೆ ಏನೂ ಇರುವುದಿಲ್ಲ. ಆದರೂ ಕೂರುತ್ತಾರೆ.

ನೀನು ಯಾವಾಗ ಬರುತ್ತೀಯ ಎಂದು ಎದುರುಮನೆಯ ಟೈಲರ್ ಕೇಳಿದ. ಗೊತ್ತಿಲ್ಲ ಎಂದೆ.

ನಿನ್ನವನು


ಫೆಬ್ರವರಿ ೨೭

ರೀ,

ಟೈಲರ್ ಕೇಳಿದ್ದನ್ನು ಬರೆದಿದ್ದೀರಿ. ನೀವು ಕೇಳಿದರೆ ಏನಾಗುತ್ತಿತ್ತು?

ಈ ತಿಂಗಳ ಕೊನೆಗೆ ಬರಬೇಕೆಂದುಕೊಂಡಿದ್ದೆ, ಆಗುವುದಿಲ್ಲ. ಮಗಳು ಕೆಲಸಕ್ಕೆ ಹೋಗಲು ಶುರು ಮಾಡಿದ್ದಾಳೆ, ಸದ್ಯಕ್ಕೆ ಅರ್ಧ ದಿನ. ಅವಳ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟುಗಳು ರಾಶಿ ಬಿದ್ದಿವೆಯಂತೆ. ಊರಿನ ಅರ್ಧ ಮುದುಕರು ಇವಳು ಬರುವುದನ್ನೇ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದಾರೆ ಎಂದು ಅಳಿಯನ ತಮಾಷೆ. ಮಗುವನ್ನು ನೋಡಿಕೊಳ್ಳುವ ಜಾಗವೊಂದನ್ನು ಹುಡುಕುತ್ತಿದ್ದಾರೆ, ಇನ್ನೂ ಸಿಕ್ಕಿಲ್ಲ.

ಪಕ್ಕದ ಮನೆಯೊಡತಿ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ "ಏನ್ ತೀರ್ಮಾನ ಮಾಡಿದ್ರಿ" ಅನ್ನುತ್ತಾಳೆ. ನಾನು ನಗುತ್ತೇನೆ. ಎಷ್ಟು ದಿನ ನಗಲಿ? ನೀವು "ಚೆನ್ನಾಗಿದೆ" ಎಂದು ಬರೆದು, ಮುಂದಿನ ಸಾಲಿಗೇ ಹಕ್ಕಿ ಹಾರಿಸಿಬಿಟ್ಟಿರಿ. ಮನೆ ಚೆನ್ನಾಗಿದೆಯೋ ಇಲ್ಲವೋ ಎಂದು ನಾನು ಕೇಳಿದ್ದಲ್ಲ.

ಕೋಪದಿಂದ ಬರೆಯುತ್ತಿಲ್ಲ. ಮಗು ತೊಡೆಯ ಮೇಲಿದೆ, ಕೋಪ ಮಾಡಿಕೊಳ್ಳಲು ಕೈ ಬಿಡುವಿಲ್ಲ.

ಇಂತಿ,
ನಿಮ್ಮವಳು


ಮಾರ್ಚ್ ೧೨

ಇವಳೇ,

ನಿನ್ನ ಪತ್ರ ಬಂದು ದಿನಗಳಾದವು. ಉತ್ತರ ಬರೆಯಲು ಕೂತಾಗಲೆಲ್ಲ ಪೆನ್ನು ನಿಂತುಬಿಡುತ್ತಿತ್ತು. ಅಷ್ಟರಲ್ಲಿ ಇಲ್ಲೊಂದು ಆಪತ್ತು ಬಂತು.

ಸಾಹೇಬರಿಗೆ ಹುಷಾರಿಲ್ಲ. ಮೊನ್ನೆ ನಾನು ಹೋದಾಗ ಕೆಳಗಿನ ಕೊಂಬೆಯ ಮೇಲೆ ಗರಿ ಕೆದರಿಕೊಂಡು ಮುದುಡಿ ಕೂತಿದ್ದರು. ಬುಟ್ಟಿಯಲ್ಲಿ ಹಣ್ಣು ಹಾಗೇ ಇತ್ತು. ಪೊಟರೆಯಿಂದ ಕೊಕ್ಕು ಹೊರಗೆ ಬಂದು, ಕಾದು, ಒಳಗೆ ಹೋಗುತ್ತಿತ್ತು. ಡಾಕ್ಟರು ಬಂದು ಎದೆಯಲ್ಲಿ ಸೋಂಕು ಎಂದರು, ಬಟ್ಟೆ ಮುಚ್ಚಿದ ಪಂಜರದಲ್ಲಿಟ್ಟು ಕರೆದುಕೊಂಡು ಹೋದರು. ಬದುಕಬಹುದು, ಆದರೆ ತಿರುಗಿ ಬರಲು ಸಮಯ ಬೇಕು ಎಂದರು.

ಈಗ ಅಮ್ಮಾವ್ರಿಗೆ ಉಣಿಸುವವರು ಯಾರು? ಹುಡುಗಿ ಏಣಿ ಹತ್ತಿ, ಉದ್ದದ ಚಿಮಟದಲ್ಲಿ ಹಣ್ಣು ಹಿಡಿದು ಸೀಳಿನ ಮುಂದೆ ಚಾಚುತ್ತಾಳೆ. ಒಳಗಿನಿಂದ ಸದ್ದೇ ಇಲ್ಲ. ಅವಳು ಮೆಲ್ಲಗೆ ಕರೆಯುತ್ತಾಳೆ, ಬೇಡಿಕೊಳ್ಳುತ್ತಾಳೆ. ಹಣ್ಣನ್ನು ಒಳಕ್ಕೆ ತಳ್ಳಿದರೆ ಅದು ಹೊರಕ್ಕೇ ಬಂದು ಬೀಳುತ್ತದೆ. ಬಾಗಿಲನ್ನು ಒಡೆದು ತೆಗೆದರೆ ಮೊಟ್ಟೆಯ ಆಸೆ ಬಿಟ್ಟ ಹಾಗೆ. ಮರಿಯಾಗಿರಲೂಬಹುದು, ಒಳಗಿನದು ಯಾರಿಗೂ ಕಾಣುವುದಿಲ್ಲ. ಇನ್ನೆರಡು ದಿನ ನೋಡಿ ಒಡೆಯಬೇಕಾಗುತ್ತದೆ ಎಂದಳು ಹುಡುಗಿ.

ನಾನು ಬೆಂಚಿನ ಮೇಲೆ ಕೂತು ನೋಡುವುದು ಬಿಟ್ಟರೆ ಏನು ಮಾಡಬಲ್ಲೆ? ನೀನು ಆಸ್ಪತ್ರೆಯ ಅಡುಗೆಮನೆಯಲ್ಲಿ ಅಷ್ಟು ವರ್ಷ ಇದ್ದವಳು. ಊಟ ಒಲ್ಲೆನೆಂದವರಿಗೆ ಏನು ಮಾಡುತ್ತಿದ್ದೆ? ನಗಬೇಡ. ಇದನ್ನು ಅವಸರದ ಅಂಚೆಯಲ್ಲಿ ಹಾಕುತ್ತಿದ್ದೇನೆ, ನಾಳೆಯೇ ಸಿಗುತ್ತದೆ, ನೀನೂ ಹಾಗೇ ಬರೆ.

ನಿನ್ನವನು


ಮಾರ್ಚ್ ೧೩

ರೀ,

ನಗಲಿಲ್ಲ. ಅಳಿಯ ಹೊರಟು ನಿಂತಿದ್ದಾನೆ, ಇದನ್ನು ದಾರಿಯಲ್ಲೇ ಅಂಚೆಗೆ ಹಾಕುತ್ತಾನೆ, ಅದಕ್ಕೇ ಚುಟುಕಾಗಿ ಬರೆಯುತ್ತೇನೆ.

ಎದುರಿಗೆ ನಿಂತು "ತಿನ್ನು, ತಿನ್ನು" ಅಂದರೆ ಯಾರ ಗಂಟಲಲ್ಲೂ ಇಳಿಯುವುದಿಲ್ಲ. ವಾರ್ಡಿನಲ್ಲಿ ತಟ್ಟೆ ವಾಪಸ್ ಕಳಿಸುತ್ತಿದ್ದವರ ಹತ್ತಿರ ನಾನು ಹೋಗುತ್ತಿದ್ದೆ. ತಟ್ಟೆ ಇಟ್ಟು, ಅವರ ಕಡೆ ನೋಡದೆ, ಪಕ್ಕದ ಹಾಸಿಗೆಯ ಹೊದಿಕೆ ಮಡಚುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ಅರ್ಧ ಖಾಲಿಯಾಗಿರುತ್ತಿತ್ತು. ಆ ಹುಡುಗಿಗೆ ಹೇಳಿ, ಬೇಡಿಕೊಳ್ಳಬೇಡ, ಮುಖ ಬೇರೆ ಕಡೆ ತಿರುಗಿಸು ಎಂದು.

ಇನ್ನೊಂದು. ಮನೆಯ ಬಾಗಿಲನ್ನು ಯಾರು ತಟ್ಟಿದರು ಎಂದು ಸದ್ದಿನಲ್ಲೇ ನನಗೆ ತಿಳಿಯುತ್ತದೆ. ಅಪರಿಚಿತರು ತಟ್ಟಿದರೆ ನಾನೂ ತೆಗೆಯುವುದಿಲ್ಲ. ಸಾಹೇಬರು ಬಂದಾಗ ತಟ್ಟುತ್ತಿದ್ದರು ಎಂದು ನೀವೇ ಬರೆದಿದ್ದೀರಿ. ಆ ತಾಳ ನಿಮ್ಮ ಕಿವಿಯಲ್ಲಿದೆಯಲ್ಲ?

ಮನೆಯ ವಿಷಯ ಆಮೇಲೆ ನೋಡೋಣ. ಮೊದಲು ಅವಳು ತಿನ್ನಲಿ.

ನಿಮ್ಮವಳು


ಮಾರ್ಚ್ ೩೦

ಇವಳೇ,

ತಿಂದಳು.

ಫೋನಿನಲ್ಲಿ ಆವತ್ತೇ ಹೇಳಿದೆ, ಆದರೆ ನಾನು ಹೇಳಿದ್ದು "ತಿಂದ್ಳು, ಇಡ್ತೀನಿ" ಅಷ್ಟೇ ಎಂದು ಮಗಳು ಆಡಿಕೊಂಡಳಂತೆ. ಅದಕ್ಕೇ ಈಗ ಪೂರ್ತಿ ಬರೆಯುತ್ತೇನೆ.

ನಿನ್ನ ಪತ್ರವನ್ನು ಹುಡುಗಿಗೆ ಓದಿ ಹೇಳಿದೆ. ಅವಳು, "ತಟ್ಟೋದು ನನಗೂ ಹೊಳೀತು ಸಾರ್, ನಿನ್ನೆ ತಟ್ಟಿದೆ. ಬರಲಿಲ್ಲ. ನೀವು ದಿನಾ ಕೇಳಿದೋರು, ನೀವೇ ಒಂದ್ಸಲ ತಟ್ಟಿ ನೋಡಿ" ಎಂದಳು. ಅವಳ ಮೇಲಿನವರ ಒಪ್ಪಿಗೆ ಪಡೆದು, ನನ್ನ ಬೂಟಿಗೆ ಔಷಧದ ನೀರು ಹಾಕಿಸಿ, ಕೈ ತೊಳೆಸಿ, ಏಣಿ ಹತ್ತಿಸಿದಳು. ಕೆಳಗೆ ತಾನೇ ಹಿಡಿದುಕೊಂಡಳು. ನನ್ನ ಮೊಣಕಾಲಿನ ಕಥೆ ನಿನಗೆ ಗೊತ್ತಲ್ಲ. ಬಸ್ಸಿನ ಮೆಟ್ಟಿಲು ಬಿಟ್ಟು ಬೇರೆ ಮೆಟ್ಟಿಲು ಹತ್ತದವನು.

ಸಾಹೇಬರು ತಟ್ಟುವುದು ಒಂದೇ ಸಮನಾಗಿ ಅಲ್ಲ. ಎರಡು ಸಲ ಬೇಗ, ಸ್ವಲ್ಪ ಬಿಟ್ಟು ಒಂದು ಸಲ ನಿಧಾನ. ಚಿಮಟದ ಹಿಡಿಯಿಂದ ಹಾಗೇ ತಟ್ಟಿದೆ. ಹಣ್ಣನ್ನು ಸೀಳಿನ ಹತ್ತಿರ ಹಿಡಿದು ಮುಖವನ್ನು ಕೊಳದ ಕಡೆ ತಿರುಗಿಸಿಕೊಂಡೆ. ಏನೂ ಆಗಲಿಲ್ಲ. ಇನ್ನೊಮ್ಮೆ ತಟ್ಟಿದೆ. ಕೈ ಸೋಲುತ್ತಿತ್ತು. ಆಗ ಚಿಮಟವನ್ನು ಯಾರೋ ಮೆಲ್ಲಗೆ ಎಳೆದ ಹಾಗಾಯಿತು. ತಿರುಗಿ ನೋಡಲಿಲ್ಲ, ನೀನು ಹೇಳಿದ ಹಾಗೆ. ಚಿಮಟ ಹಗುರವಾದ ಮೇಲೆ ನೋಡಿದರೆ ಹಣ್ಣಿಲ್ಲ.

ಅವಳು ಎಲ್ಲವನ್ನೂ ತಿಂದಳು, ಇನ್ನೂ ಬೇಕೆಂದು ಕೊಕ್ಕು ಚಾಚಿಕೊಂಡೇ ಇದ್ದಳು. ಇಳಿದು ಬಂದಾಗ ಹುಡುಗಿ ನನ್ನ ಕೈ ಹಿಡಿದುಕೊಂಡು ಏನೋ ಹೇಳಿದಳು, ನನ್ನ ಕಿವಿಗೆ ಕೇಳಲಿಲ್ಲ, ಕೇಳಿದವನಂತೆ ತಲೆಯಾಡಿಸಿದೆ. ಮಾರನೆಯ ದಿನ ಆ ತಾಳವನ್ನು ಅವಳಿಗೆ ಕಲಿಸಿದೆ. ಈಗ ಬೆಳಿಗ್ಗೆ ಅವಳು, ಮಧ್ಯಾಹ್ನ ನಾನು. ಸಾಹೇಬರು ಕೂಡ ಚೇತರಿಸಿಕೊಂಡಿದ್ದಾರೆ, ಮುಂದಿನ ವಾರ ಕರೆತರುತ್ತಾರಂತೆ. ಪೊಟರೆಯೊಳಗೆ ಈಗ ಇನ್ನೊಂದು ಸಣ್ಣ ಕೀರಲು ದನಿಯೂ ಇದೆ ಎಂದು ಹುಡುಗಿ ಹೇಳುತ್ತಾಳೆ.

ಇನ್ನು ಮನೆಯ ವಿಷಯ. ನೀನು ಕೇಳಿದ್ದೇನು ಎಂದು ನನಗೆ ಅವತ್ತೇ ಗೊತ್ತಿತ್ತು. ಈ ಊರು ಬಿಟ್ಟು ಬರುತ್ತೀರಾ ಎಂದು ನೀನು ಕೇಳಿದ್ದು. ಬರುವುದಿಲ್ಲ ಎಂದು ಬರೆದರೆ ನೀನು ಮೊಮ್ಮಗಳನ್ನು ಬಿಟ್ಟು ಬರುತ್ತೀಯ. ಬರುತ್ತೇನೆ ಎಂದು ಬರೆಯಲು ನನ್ನ ಕೈ ಏಳುತ್ತಿರಲಿಲ್ಲ. ಈಗ ಏಳುತ್ತಿದೆ. ನಿನಗೆ ಅಲ್ಲಿರುವುದೇ ಸುಖವೆನಿಸಿದರೆ ಆ ಮನೆ ಹಿಡಿ. ನಾನು ಬರುತ್ತೇನೆ. ಅಮ್ಮಾವ್ರು ಹೊರಗೆ ಬರುವವರೆಗೆ ಮಾತ್ರ ಸಮಯ ಕೊಡು. ಇದನ್ನು ಮುಖ ಸಿಂಡರಿಸಿಕೊಂಡು ಬರೆಯುತ್ತಿಲ್ಲ. ನೀನಿಲ್ಲದ ಮನೆಯಲ್ಲಿ ನಾನು ಯಾವ ಊರಿನವನೂ ಅಲ್ಲ.

ನಿನ್ನವನು


ಏಪ್ರಿಲ್ ೭

ರೀ,

ಪತ್ರವನ್ನು ಎರಡು ಸಲ ಓದಿದೆ. ಮೂರನೆಯ ಸಲ ಮಗಳು ಕೈಯಿಂದ ಕಿತ್ತುಕೊಂಡು ಓದಿದಳು. "ಅಪ್ಪ ಇಷ್ಟುದ್ದ ಬರೀತಾರಾ?" ಎಂದಳು. ಆಮೇಲೆ ಬಾಟಲಿ ತೊಳೆಯುತ್ತಾ ನನ್ನ ಕಡೆ ನೋಡದೆ ಕೇಳಿದಳು:

"ಅಮ್ಮ, ನಿಂಗೆ ಇಲ್ಲಿರೋಕೆ ಆಸೆನೋ, ಇಲ್ಲಾ ಅಪ್ಪನ್ನ ಮತ್ತೆ ಆ ಕಿಟಕೀಲಿ ನೋಡೋಕೆ ಭಯನೋ?"

ನಾನು ಬಟ್ಟೆ ಮಡಚುತ್ತಿದ್ದೆ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದೆ.

ನಿವೃತ್ತಿಯಾದ ಮೇಲೆ ನೀವು ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ಹೋಗುವ ಬಸ್ಸುಗಳನ್ನು ಎಣಿಸಿಕೊಂಡು ಕೂತಿರುತ್ತಿದ್ದಿರಿ. ಒಂದು ಬಸ್ಸು ತಡವಾದರೆ ನಿಮಗೆ ಸಂಕಟ. ಸಮಯಕ್ಕೆ ಬಂದರೆ ಅದಕ್ಕಿಂತ ಹೆಚ್ಚು ಸಂಕಟ, ನೀವಿಲ್ಲದೆಯೂ ನಡೆಯುತ್ತಿದೆಯಲ್ಲ ಎಂದು. ನಾನು ಅಡುಗೆಮನೆಯಿಂದ ನಿಮ್ಮ ಬೆನ್ನನ್ನು ನೋಡುತ್ತಿದ್ದೆ. ಇಲ್ಲಿಗೆ ಬಂದರೆ ಮೊಮ್ಮಗಳಾದರೂ ಈ ಮನುಷ್ಯನನ್ನು ಕುರ್ಚಿಯಿಂದ ಎಬ್ಬಿಸುತ್ತಾಳೆ ಅಂದುಕೊಂಡೆ. ಪಕ್ಕದ ಮನೆಯ ಯೋಚನೆ ಹುಟ್ಟಿದ್ದೇ ಹಾಗೆ. ಬಿಸಿಲಿನ ಅಡುಗೆಮನೆಯೂ ಇಷ್ಟವಾಗಿತ್ತು, ಸುಳ್ಳು ಹೇಳುವುದಿಲ್ಲ.

ಈಗ ನೀವು ಏಣಿ ಹತ್ತುತ್ತಿದ್ದೀರಿ. ನಾನು ನಿಮ್ಮನ್ನು ಕೆಳಗಿಳಿಸಲು ಹೋಗುವುದಿಲ್ಲ.

ಮನೆಯೊಡತಿಗೆ ಬೇಡವೆಂದು ಹೇಳಿದೆ. ಹೇಳಿ ಮೆಟ್ಟಿಲು ಇಳಿಯುವಾಗ ಹಗುರವೆನಿಸಿತು. ಅಳಿಯನ ಬೇಕರಿಯ ಹಿಂದಿನ ಬೀದಿಯಲ್ಲೇ ಮಗುವಿಗೆ ಜಾಗ ಸಿಕ್ಕಿದೆ, ಶುಚಿಯಾಗಿದೆ, ನೋಡಿಕೊಳ್ಳುವ ಹೆಂಗಸಿನ ಕೈ ಬೆಚ್ಚಗಿದೆ. ಮಗು ಅಲ್ಲಿಗೆ ಹೊಂದಿಕೊಳ್ಳುವ ತನಕ ಇದ್ದು ಹೊರಡುತ್ತೇನೆ. ಬೇಸಿಗೆಗೆ ಇವರೇ ನಮ್ಮಲ್ಲಿಗೆ ಬರುತ್ತಾರೆ. ಆಮೇಲೆ ನಾವು. ಹೀಗೆ ಓಡಾಡಿಕೊಂಡಿರೋಣ. ಒಂದೇ ಕಡೆ ಕೂತಿರಲು ನಾವೇನು ಮರವೇ?

ಸ್ಟೇಷನ್ನಿಗೆ ಬರುವುದಾದರೆ ಬನ್ನಿ. ಹಣ್ಣು ಕೊಡುವ ಹೊತ್ತಾಗಿದ್ದರೆ ಬೇಡ, ನನಗೆ ದಾರಿ ಗೊತ್ತು.

ನಿಮ್ಮವಳು


ಮೇ ೧೯

ಪುಟ್ಟಿ,

ಊರು ತಲುಪಿದ್ದನ್ನು ಫೋನಿನಲ್ಲಿ ಹೇಳಿದ್ದೆ. ಮಗುವಿನ ಕೆಮ್ಮು ಕಡಿಮೆಯಾಯಿತೇ? ಅಳಿಯಂದಿರಿಗೆ ಬೆಂಚಿನಿಂದ ಹಾಸಿಗೆಗೆ ಬಡ್ತಿ ಸಿಕ್ಕಿರಬೇಕಲ್ಲ.

ನಿಮ್ಮಪ್ಪ ಸ್ಟೇಷನ್ನಿಗೆ ಬಂದಿದ್ದರು. ಚೀಲ ತೆಗೆದುಕೊಂಡರು, "ಪ್ರಯಾಣ ಸರಿಯಾಯ್ತಾ" ಎಂದರು, ಅಷ್ಟೇ. ಪತ್ರದಲ್ಲಿ ಅಷ್ಟು ಮಾತಾಡಿದ ಮನುಷ್ಯ ಎಲ್ಲಿ ಹೋದರು ಎಂದು ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಹುಡುಕುತ್ತಿದ್ದೆ. ಮನೆಯಲ್ಲಿ ಪಾತ್ರೆಗಳು ಹೊಳೆಯುತ್ತಿದ್ದವು. ಒಂದೇ ಒಂದು ಬಾಣಲೆಯ ತಳ ಸುಟ್ಟಿತ್ತು, ಅದನ್ನು ಬೀರುವಿನ ಹಿಂದೆ ಬಚ್ಚಿಟ್ಟಿದ್ದರು. ನಾನೂ ಕಾಣದವಳಂತೆ ಇದ್ದೇನೆ.

ಇವತ್ತು ಗಾಜಿನ ತೋಟಕ್ಕೆ ಹೋಗಿದ್ದೆವು. ಅಮ್ಮಾವ್ರು ನಾನು ಬರುವ ಮೊದಲೇ ಪೊಟರೆ ಒಡೆದು ಹೊರಗೆ ಬಂದಾಗಿತ್ತು. ಹೊಸ ಗರಿ ಬರುತ್ತಿರುವುದರಿಂದ ನೋಡಲು ಅರ್ಧ ಹೊಲಿದ ಅಂಗಿಯ ಹಾಗಿದ್ದಾಳೆ. ಮರಿ ಕೊಂಬೆಯ ಮೇಲೆ ಸರಿಯಾಗಿ ಕೂರಲು ಬಾರದೆ ತೂಗಾಡುತ್ತಿತ್ತು. ಸಾಹೇಬರು ನಡುವೆ ಕೂತು ಯಾರ ಕಡೆಯೂ ನೋಡುತ್ತಿರಲಿಲ್ಲ. ನಾನು ಹೂಗಳನ್ನು ಹೆಚ್ಚು ನೋಡಿದೆ. ಗಾಳಿಯಲ್ಲೇ ಬೇರು ಬಿಟ್ಟು ಬದುಕುವ ಒಂದು ಗಿಡವಿದೆ, ನೇರಳೆ ಹೂವು, ಏಲಕ್ಕಿಯಂಥ ವಾಸನೆ. ಮೇಲಿನ ಪೈಪುಗಳಿಂದ ಹೊಗೆಯಂತೆ ನೀರು ಉದುರುತ್ತದೆ, ಕೂದಲಿನ ಮೇಲೆ ಕೂತರೂ ಒದ್ದೆಯಾಗುವುದಿಲ್ಲ. ಮುಂದಿನ ಸಲ ಮಗುವನ್ನು ಎತ್ತಿಕೊಂಡು ಅದರ ಕೆಳಗೆ ನಿಲ್ಲಬೇಕು.

ಹಕ್ಕಿಮನೆಯ ಹುಡುಗಿ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ತಟ್ಟೆ ಇಟ್ಟು ಮುಖ ತಿರುಗಿಸೋ ಅಮ್ಮ ನೀವೇನಾ?" ಎಂದಳು. ನಿನಗಿಂತ ಎರಡು ವರ್ಷ ಚಿಕ್ಕವಳಿರಬಹುದು. ಅವಳಿಗೆ ಊಟಕ್ಕೆ ಬಾ ಎಂದು ಹೇಳಿ ಬಂದಿದ್ದೇನೆ.

ಅಷ್ಟರಲ್ಲಿ ಯಾವುದೋ ಶಾಲೆಯ ಮಕ್ಕಳ ಗುಂಪು ಬಂತು. ನಿಮ್ಮಪ್ಪ ನನ್ನನ್ನು ಬೆಂಚಿನ ಮೇಲೆ ಕೂರಿಸಿ "ಐದು ನಿಮಿಷ" ಎಂದು ಹೋದವರು, ಹೋದರೇ ಹೋದರು. ಮೊದಲು ಬಾಗಿಲಲ್ಲಿ ನಿಂತು ಮಕ್ಕಳನ್ನೆಲ್ಲ ಒಳಗೆ ದಬ್ಬಿದರು. ಆಮೇಲೆ ಮರಿಯನ್ನು ತೋರಿಸಿ ಕಥೆ ಶುರು ಮಾಡಿದರು. ಕೈ ಎತ್ತಿ ತಟ್ಟಿ ತೋರಿಸಿದರು, ಮಕ್ಕಳೂ ಗಾಳಿಯಲ್ಲಿ ತಟ್ಟಿದವು. ಕುಂಟುತ್ತಾ ಏಣಿ ಹತ್ತುವುದನ್ನು ನಟಿಸಿದರು, ಮಕ್ಕಳು ಬಿದ್ದು ಬಿದ್ದು ನಕ್ಕವು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕಂಡಿಲ್ಲ. ಕಥೆಯಲ್ಲಿ ಒಂದು ಕಡೆ "ನಮ್ಮನೆಯವಳು ಒಂದು ಪತ್ರ ಬರೆದಳು" ಎಂದು ಬಂತು. ಆಗ ದನಿ ಸ್ವಲ್ಪ ಬೇರೆಯಾಯಿತು. ನಾನು ಕೊಳದ ಕಡೆ ನೋಡಿದೆ.

ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದಳು, ಊರಿಗೆ ಹೊಸಬಳಿರಬೇಕು. ಅವಳೂ ಅವರನ್ನೇ ನೋಡುತ್ತಿದ್ದಳು. "ಎಷ್ಟು ಚೆನ್ನಾಗಿ ಮಾತಾಡ್ತಾರೆ ಅವರು. ನಿಮಗೆ ಪರಿಚಯನಾ?" ಎಂದು ಕೇಳಿದಳು.

"ಹೂಂ," ಎಂದೆ. "ಈಚೆಗೆ ಆಯ್ತು."

ಇಂತಿ,
ಅಮ್ಮ